ಗದ್ದೆಯ ಗಡಿಗೂ ಅಂಗಡಿಯ ಜಾಗಕ್ಕೂ ಒಂದೇ ಡೇಟಾಬೇಸ್ ಸಾಕಾ?

ಮೈಸೂರು, ಮಂಡ್ಯದ ಕಡೆ ನಕ್ಷೆಯ ಮಾಹಿತಿಯೊಂದಿಗೆ ಕೆಲಸ ಮಾಡುವವರು ಈಗ ಜಾಸ್ತಿಯಾಗಿದ್ದಾರೆ. ಕುವೆಂಪುನಗರದಲ್ಲಿ ಮನೆಗೆ ದಿನಸಿ ತಲುಪಿಸುವ ಆ್ಯಪ್ ಕಟ್ಟುತ್ತಿರುವವರು ಮೈಎಸ್‌ಕ್ಯುಎಲ್ ಡೇಟಾಬೇಸ್ ಸಾಕಾ, ಮಾಂಗೋಡಿಬಿ ಡೇಟಾಬೇಸ್ ಬೇಕಾ ಎಂದು ಕೇಳುತ್ತಾರೆ. ಮಂಡ್ಯದಲ್ಲಿ ಕಬ್ಬಿನ ಗದ್ದೆಗಳ ಲೆಕ್ಕ ಇಡುವವರ ಹತ್ತಿರ ಎಕ್ಸೆಲ್‌ನಲ್ಲಿ ಸರ್ವೆ ನಂಬರ್‌ಗಳಿರುತ್ತವೆ. ಗದ್ದೆಯ ಗಡಿಯ ಮಾಹಿತಿಯನ್ನು ಎಲ್ಲಿ ಇಡಬೇಕು ಎಂಬುದು ಅವರ ಪ್ರಶ್ನೆ. ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆಗಳ ಮೇಲೆ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೆ ಎಲ್ಲರೂ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ನಕ್ಷೆ ಸೇರ್ಪಡೆಯಾದ ಪೋಸ್ಟ್‌ಜಿಐಎಸ್ ಅಂತಲೇ ಹೇಳಿರುತ್ತಾರೆ. ಅಷ್ಟು ದೊಡ್ಡದು ನಮಗೆ ಬೇಕಾ ಎಂದು ಅವರು ಹಿಂಜರಿಯುತ್ತಾರೆ.

ಮೂವರಿಗೂ ಉತ್ತರ ಬೇರೆ ಬೇರೆ. ಯಾವುದು ವೇಗ, ಯಾವುದು ಹೊಸದು ಎಂದು ಹುಡುಕುತ್ತಾ ಹೊರಟರೆ ತೀರ್ಮಾನ ಸಿಗುವುದಿಲ್ಲ. ಜಾಗದ ಬಗ್ಗೆ ನೀವು ದಿನಾ ಕೇಳುವ ಪ್ರಶ್ನೆ ಯಾವುದು ಎಂದು ಗೊತ್ತಾದರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ. ಹಾಗಾಗಿ ಮೊದಲು ಪ್ರಶ್ನೆಗಳನ್ನು ನೋಡೋಣ, ಹೆಸರುಗಳು ಆಮೇಲೆ ಬರಲಿ.

ಏನು ನೋಡಿ ಆರಿಸಬೇಕು

ನಿಮ್ಮ ಬಳಿ ಇರುವುದು ಬಿಂದುವಾ, ಗೆರೆಯಾ, ಆವರಣವಾ? ಅಂಗಡಿ, ಬಸ್ ಸ್ಟಾಪ್, ಬೋರ್‌ವೆಲ್ ಇವೆಲ್ಲ ಬಿಂದುಗಳು. ರಸ್ತೆ, ನಾಲೆ ಗೆರೆಗಳು. ಗದ್ದೆ, ಕೆರೆ, ವಾರ್ಡ್ ಆವರಣಗಳು. ಆವರಣಕ್ಕೆ ಡೇಟಾಬೇಸ್‌ನವರು ಪಾಲಿಗನ್ ಎನ್ನುತ್ತಾರೆ. ಬರೀ ಬಿಂದುಗಳಾದರೆ ಹೆಚ್ಚುಕಡಿಮೆ ಯಾವ ಡೇಟಾಬೇಸ್ ಆದರೂ ನಡೆಯುತ್ತದೆ. ಪಾಲಿಗನ್ ಬಂದ ಕೂಡಲೇ ಆಯ್ಕೆಗಳು ಕಡಿಮೆಯಾಗುತ್ತವೆ.

ಇನ್ನು ಪ್ರಶ್ನೆಯ ಬಗೆ. "ನನ್ನ ಹತ್ತಿರ ಏನಿದೆ" ಎಂಬುದು ಒಂದು. "ಈ ಬಿಂದು ಯಾವ ವಾರ್ಡಿನ ಒಳಗಿದೆ" ಎಂಬುದು ಇನ್ನೊಂದು. "ಈ ಗದ್ದೆಯಲ್ಲಿ ಎಷ್ಟು ಗುಂಟೆ ನಾಲೆಯ ಅಚ್ಚುಕಟ್ಟಿಗೆ ಸೇರುತ್ತದೆ" ಎಂಬುದು ಮೂರನೆಯದು. ಮೊದಲಿನ ಎರಡಕ್ಕೆ ಇರುವ ಆಕಾರಗಳನ್ನು ನೋಡಿದರೆ ಸಾಕು. ಮೂರನೆಯದಕ್ಕೆ ಎರಡು ಆಕಾರಗಳನ್ನು ಕತ್ತರಿಸಿ ಹೊಸ ಆಕಾರ ಮಾಡಬೇಕು, ಅದರ ಅಳತೆಯನ್ನೂ ತೆಗೆಯಬೇಕು. ಈ ಕೆಲಸ ಚೆನ್ನಾಗಿ ಮಾಡುವ ಡೇಟಾಬೇಸ್‌ಗಳು ಕೆಲವೇ.

ಹುಡುಕಾಟ ಹೇಗೆ ನಡೆಯುತ್ತದೆ ಎಂದು ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಮಾಮೂಲಿ ಇಂಡೆಕ್ಸ್, ಅಂದರೆ ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ, ಒಂದೇ ಸಾಲಿನಲ್ಲಿ ಜೋಡಿಸುತ್ತದೆ. ಹೆಸರು ಅಕ್ಷರದ ಪ್ರಕಾರ, ಬೆಲೆ ಅಂಕಿಯ ಪ್ರಕಾರ. ಜಾಗಕ್ಕೆ ಎರಡು ದಿಕ್ಕು ಇರುವುದರಿಂದ ಒಂದು ಸಾಲು ಸಾಲದು. ಇದಕ್ಕಾಗಿ 1984ರಲ್ಲಿ ಆಂಟೊನಿನ್ ಗಟ್‌ಮನ್ ಎಂಬವರು ಆರ್-ಟ್ರೀ ಎಂಬ ಜೋಡಣೆಯನ್ನು ಮುಂದಿಟ್ಟರು. ಪ್ರತಿ ಆಕಾರದ ಸುತ್ತ ಒಂದು ಆಯತ ಹಾಕುವುದು, ಹತ್ತಿರದ ಆಯತಗಳನ್ನು ಸೇರಿಸಿ ಅವುಗಳ ಸುತ್ತ ದೊಡ್ಡ ಆಯತ ಹಾಕುವುದು, ಹೀಗೆ ಮೇಲಿನವರೆಗೆ. ದೇವರಾಜ ಮಾರುಕಟ್ಟೆಗೆ ಮಲ್ಲಿಗೆ ತರಲು ಹೋದವರು ಪ್ರತಿ ಅಂಗಡಿಯಲ್ಲೂ ವಿಚಾರಿಸುವುದಿಲ್ಲ, ನೇರ ಹೂವಿನ ಸಾಲಿಗೆ ಹೋಗುತ್ತಾರೆ. ಇಂಡೆಕ್ಸ್ ಮಾಡುವುದೂ ಅಷ್ಟೇ. ಆಯತ ತಾಗದ ಗದ್ದೆಗಳನ್ನು ಮುಟ್ಟದೆ ಬಿಡುತ್ತದೆ. ಆಯತ ತಾಗಿದ ಕೆಲವೇ ಗದ್ದೆಗಳ ನಿಜವಾದ ಗಡಿಯನ್ನು ಆಮೇಲೆ ಸರಿಯಾಗಿ ಪರೀಕ್ಷಿಸುತ್ತದೆ. ಡೇಟಾಬೇಸ್ ಯಾವುದೇ ಇರಲಿ, ನಿಮ್ಮ ಕ್ವೆರಿ (ಡೇಟಾಬೇಸ್‌ಗೆ ಬರೆದು ಕೇಳುವ ಪ್ರಶ್ನೆ) ಅದರ ಜಾಗದ ಇಂಡೆಕ್ಸನ್ನು ಬಳಸುತ್ತಿದೆಯಾ ಎಂದು ಒಮ್ಮೆ ನೋಡಲೇಬೇಕು. ಸಾವಿರ ಸಾಲು ಇದ್ದಾಗ ವ್ಯತ್ಯಾಸ ಗೊತ್ತಾಗುವುದಿಲ್ಲ, ಹತ್ತು ಲಕ್ಷ ಆದಾಗ ಗೊತ್ತಾಗುತ್ತದೆ.

ಉಳಿದದ್ದು ಮನುಷ್ಯರ ವಿಷಯ. ಒಂದೇ ಹೊತ್ತಿಗೆ ಎಷ್ಟು ಜನ ಮಾಹಿತಿ ತುಂಬುತ್ತಾರೆ? ಗದ್ದೆಯ ಹತ್ತಿರ ನೆಟ್‌ವರ್ಕ್ ಸಿಗುತ್ತದಾ? ಸರ್ವರ್ ನಿಂತರೆ ಎಬ್ಬಿಸುವವರು ಯಾರು? ಇಲ್ಲಿ ಹೇಳುವ ಡೇಟಾಬೇಸ್‌ಗಳಲ್ಲಿ ಹೆಚ್ಚಿನವನ್ನು ದುಡ್ಡು ಕೊಡದೆ ಬಳಸಬಹುದು. ಖರ್ಚು ಬರುವುದು ಸರ್ವರ್‌ಗೆ, ಅದಕ್ಕಿಂತ ಜಾಸ್ತಿ ಅದನ್ನು ನೋಡಿಕೊಳ್ಳುವವರ ಸಮಯಕ್ಕೆ.

ಡಿಗ್ರಿ, ಮೀಟರ್, ಗುಂಟೆ

ಇದನ್ನು ಬೇರೆಯಾಗಿ, ಸ್ವಲ್ಪ ನಿಧಾನವಾಗಿ ಹೇಳಬೇಕು. ಹೆಚ್ಚಿನ ಹೋಲಿಕೆಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಭೂಮಿಯ ಲೆಕ್ಕದಲ್ಲಿ ಡೇಟಾಬೇಸ್ ಯಾವುದು ಎನ್ನುವುದಕ್ಕಿಂತ ಇದೇ ಮುಖ್ಯ.

ಫೋನಿನ ಜಿಪಿಎಸ್ ಕೊಡುವುದು ಡಿಗ್ರಿಯಲ್ಲಿ. ಜಾಗವನ್ನು ಅಂಕಿಗಳಲ್ಲಿ ಹೇಳುವ ಇಂಥ ಪ್ರತಿ ಪದ್ಧತಿಗೂ ಒಂದು ಸಂಖ್ಯೆ ಇದೆ; ಡಬ್ಲ್ಯುಜಿಎಸ್ 84 ಎಂಬ ಈ ಪದ್ಧತಿಯ ಸಂಖ್ಯೆ 4326. ಮೈಸೂರು ಸುಮಾರು 12.3 ಡಿಗ್ರಿ ಅಕ್ಷಾಂಶ, 76.6 ಡಿಗ್ರಿ ರೇಖಾಂಶದಲ್ಲಿದೆ. ಇಲ್ಲಿ ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 110.6 ಕಿಲೋಮೀಟರ್, ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 109. ಎರಡೂ ಹತ್ತಿರ ಹತ್ತಿರ ಇರುವುದರಿಂದ ಡಿಗ್ರಿಯನ್ನೇ ದೂರ ಎಂದು ತಿಳಿದು ಬರೆದ ಕೋಡ್ ಮೈಸೂರಿನಲ್ಲಿ ಸರಿಯಾಗಿಯೇ ಕಾಣುತ್ತದೆ. ಅದೇ ಕೋಡ್ ದೆಹಲಿಗೆ ಹೋದರೆ ಅಲ್ಲಿ ಒಂದು ಡಿಗ್ರಿ ರೇಖಾಂಶ 98 ಕಿಲೋಮೀಟರ್ ಅಷ್ಟೇ. ತಪ್ಪು ಮೊದಲಿಂದಲೂ ಇತ್ತು, ನಮ್ಮ ಊರಿನಲ್ಲಿ ಕಾಣಲಿಲ್ಲ ಅಷ್ಟೇ.

ವಿಸ್ತೀರ್ಣಕ್ಕೆ ಬಂದರೆ ಇನ್ನೂ ಎಚ್ಚರ ಬೇಕು. ವೆಬ್ ನಕ್ಷೆಗಳು ಬಳಸುವ 3857 ಎಂಬ ಪದ್ಧತಿ ಮೀಟರಿನಲ್ಲೇ ಇದೆ. ಅದನ್ನು ನೋಡಿ ಅನೇಕರು ಅಲ್ಲೇ ಅಳತೆ ತೆಗೆಯುತ್ತಾರೆ. ಆ ನಕ್ಷೆ ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಭೂಮಿಯನ್ನು ಹಿಗ್ಗಿಸಿ ತೋರಿಸುತ್ತದೆ. ಮಂಡ್ಯದ ಅಕ್ಷಾಂಶದಲ್ಲಿ ವಿಸ್ತೀರ್ಣ ಶೇಕಡಾ 5ಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಅಂದರೆ 40 ಗುಂಟೆಯ ಒಂದು ಎಕರೆ 42 ಗುಂಟೆಯಾಗಿ ಕಾಣುತ್ತದೆ. ಎಕರೆಗೆ ಎರಡು ಗುಂಟೆ ಗಾಳಿಯಲ್ಲಿ ಹುಟ್ಟಿದರೆ ಕಬ್ಬಿನ ಅಂದಾಜು, ಗೊಬ್ಬರ, ಪರಿಹಾರ ಎಲ್ಲದರ ಲೆಕ್ಕವೂ ಕೆಡುತ್ತದೆ.

ನಮ್ಮ ಜಿಲ್ಲೆಗಳಿಗೆ ಸರಿಯಾದ ಪದ್ಧತಿ ಭೂಮಿಯನ್ನು ಉದ್ದ ಪಟ್ಟಿಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂನ 43 ಉತ್ತರ ವಲಯ, ಸಂಖ್ಯೆ 32643. ಇದು 72ರಿಂದ 78 ಡಿಗ್ರಿ ರೇಖಾಂಶದವರೆಗಿನ ಪಟ್ಟಿ, ನಡುಗೆರೆ 75 ಡಿಗ್ರಿ. ಯುಟಿಎಂನ ಅಳತೆ ನಡುಗೆರೆಯಿಂದ ಸುಮಾರು 180 ಕಿಲೋಮೀಟರ್ ದೂರದಲ್ಲಿ ಹೆಚ್ಚುಕಡಿಮೆ ಪೂರ್ತಿ ನಿಜಕ್ಕೆ ಸರಿಹೊಂದುತ್ತದೆ. ಮೈಸೂರು ಇರುವುದು ಅಲ್ಲೇ. ಮಂಡ್ಯದಲ್ಲಿ ಎಕರೆಗೆ ಬರುವ ವ್ಯತ್ಯಾಸ ಗುಂಟೆಯ ನೂರರಲ್ಲಿ ಒಂದು ಪಾಲಿನಷ್ಟು. ಇದಕ್ಕಿಂತ ಚೆನ್ನಾಗಿ ಹೊಂದುವ ಜಾಗ ಸಿಗುವುದು ಅಪರೂಪ! ಆದರೆ ಕೋಲಾರದ ಕಡೆ ಹೋದರೆ 78 ಡಿಗ್ರಿ ದಾಟಿ 44ನೇ ವಲಯ ಬರುತ್ತದೆ, ಇಡೀ ರಾಜ್ಯದ ಕೆಲಸ ಮಾಡುವವರು ಇದನ್ನು ನೆನಪಿಡಬೇಕು.

ಹಾಗಾಗಿ ಡೇಟಾಬೇಸ್ ಆರಿಸುವಾಗ ಎರಡು ವಿಷಯ ಕೇಳಿ. ಆಕಾರದ ಜೊತೆಗೆ ಪದ್ಧತಿಯ ಸಂಖ್ಯೆಯನ್ನೂ ಅದು ಇಟ್ಟುಕೊಳ್ಳುತ್ತದಾ? ಒಂದು ಪದ್ಧತಿಯಿಂದ ಇನ್ನೊಂದಕ್ಕೆ ತಾನೇ ಬದಲಿಸಿ ಕೊಡುತ್ತದಾ? ಹಳೆಯ ಸರ್ವೆ ಆಫ್ ಇಂಡಿಯಾ ಟೋಪೋ ಹಾಳೆಗಳು ಎವರೆಸ್ಟ್ ಎಂಬ ಬೇರೆ ಆಧಾರದ ಮೇಲೆ ಆಗಿದ್ದವು. ಅವುಗಳಿಂದ ತೆಗೆದ ಗಡಿಗಳನ್ನು ಸುಮ್ನೆ 4326 ಎಂದು ಸೇರಿಸಿಬಿಟ್ಟರೆ ಇವತ್ತಿನ ಜಿಪಿಎಸ್ ಬಿಂದುಗಳ ಮೇಲೆ ಸರಿಯಾಗಿ ಕೂರುವುದಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಸುಮಾರು 10 ಮೀಟರ್ ಚೌಕ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಗುಂಟೆಗಳ ಜಗಳವನ್ನು ಫೋನ್ ಹಿಡಿದು ಬದುವಿನ ಮೇಲೆ ನಡೆದು ತೀರ್ಮಾನಿಸಲು ಆಗುವುದಿಲ್ಲ. ಯಾವ ಡೇಟಾಬೇಸ್ ಕೊಂಡರೂ ಆ 5 ಮೀಟರ್ ಹೋಗುವುದಿಲ್ಲ.

ಎರಡು ಕಾಲಂ ಸಾಕಾಗುವವರು

ಮೊದಲ ಆಯ್ಕೆ, ಏನೂ ಹೊಸದು ತರದೇ ಇರುವುದು. ಈಗಿರುವ ಟೇಬಲ್‌ಗೆ ಅಕ್ಷಾಂಶ, ರೇಖಾಂಶ ಎಂದು ಎರಡು ಕಾಲಂ ಸೇರಿಸಿ. ಅಂಕಿಗಳು ದಶಮಾಂಶದ ಐದು ಸ್ಥಾನ ಇದ್ದರೆ ಸುಮಾರು ಒಂದು ಮೀಟರ್‌ವರೆಗೆ ನಿಖರ. ಸರಸ್ವತಿಪುರಂನಿಂದ 2 ಕಿಲೋಮೀಟರ್ ಒಳಗಿನ ಅಂಗಡಿ ಬೇಕೆಂದರೆ ಎರಡೂ ಕಡೆ 0.019 ಡಿಗ್ರಿಯ ಚೌಕದೊಳಗೆ ಇರುವವನ್ನು ಮೊದಲು ಆರಿಸಿ. ಅಷ್ಟಕ್ಕೆ ಮಾತ್ರ ಗೋಳದ ಮೇಲಿನ ದೂರದ ಸೂತ್ರ ಹಾಕಿ. ನಗರದ ಕೆಲವು ಸಾವಿರ ಅಂಗಡಿಗಳಿಗೆ ಇದು ಆರಾಮಾಗಿ ಸಾಕು. ಇಷ್ಟರಲ್ಲೇ ಕೆಲಸ ಮುಗಿಯುವವರು ಬೇರೆ ಡೇಟಾಬೇಸ್ ಕಲಿಯಲು ಸಮಯ ಕಳೆಯುವುದು ಬೇಡ. ಮುಂದೆ ಬೇಕಾದಾಗ ಈ ಎರಡು ಕಾಲಂನಿಂದ ಬಿಂದು ಮಾಡಿಕೊಳ್ಳುವುದು ಒಂದು ಸಾಲಿನ ಕೆಲಸ.

ಸಾಕಾಗದ ದಿನ ಯಾವಾಗ ಬರುತ್ತದೆ? ಡೆಲಿವರಿಯ ಪ್ರದೇಶವನ್ನು ವೃತ್ತದ ಬದಲು ಗಡಿ ಬರೆದು ಇಡಬೇಕು ಎಂದಾಗ. ರಿಂಗ್ ರಸ್ತೆಯ ಒಳಗೆ ಒಂದು ದರ, ಹೊರಗೆ ಇನ್ನೊಂದು ದರ ಎಂದು ಬಂದ ಕೂಡಲೇ ಪಾಲಿಗನ್ ಬೇಕಾಗುತ್ತದೆ.

ಮೈಎಸ್‌ಕ್ಯುಎಲ್: ಈಗಾಗಲೇ ಇದ್ದರೆ

ಕಡಿಮೆ ದುಡ್ಡಿನ ಹೋಸ್ಟಿಂಗ್ ತೆಗೆದುಕೊಂಡರೆ ಸಾಮಾನ್ಯವಾಗಿ ಸಿಗುವುದು ಮೈಎಸ್‌ಕ್ಯುಎಲ್ ಅಥವಾ ಮಾರಿಯಾಡಿಬಿ. ಹಿಂದೆ ಇದರ ಜಾಗದ ಲೆಕ್ಕ ಹೆಸರಿಗಷ್ಟೇ ಇತ್ತು. 5.7ನೇ ಆವೃತ್ತಿಯಲ್ಲಿ ಅದರ ಮಾಮೂಲಿ ಬಗೆಯಾದ ಇನ್ನೋಡಿಬಿ ಟೇಬಲ್‌ಗಳಿಗೂ ಆರ್-ಟ್ರೀ ಇಂಡೆಕ್ಸ್ ಬಂತು. 2018ರ 8.0ರಿಂದ ಪದ್ಧತಿಯ ಸಂಖ್ಯೆಯನ್ನು ಅರ್ಥಮಾಡಿಕೊಂಡು ಗೋಳದ ಮೇಲೆ ಲೆಕ್ಕ ಮಾಡುತ್ತದೆ. ಬಿಂದು ಯಾವ ವಾರ್ಡಿನಲ್ಲಿದೆ, ಅಂಗಡಿ ಡೆಲಿವರಿ ಗಡಿಯ ಒಳಗಿದೆಯಾ ಎಂಬಂಥ ಪ್ರಶ್ನೆಗಳಿಗೆ ಇದು ಚೆನ್ನಾಗಿಯೇ ಉತ್ತರ ಕೊಡುತ್ತದೆ.

ಆದರೆ ಮೂರು ಕಡೆ ಕಾಲು ಜಾರುತ್ತದೆ. ಒಂದು, 8.0ರಲ್ಲಿ ಕಾಲಂಗೆ ಪದ್ಧತಿಯ ಸಂಖ್ಯೆಯನ್ನು ಕಟ್ಟಿ ಹಾಕಬೇಕು. ಕಾಲಂ ಖಾಲಿ ಇರಲೂ ಬಾರದು. ಸಂಖ್ಯೆ ಕಟ್ಟದಿದ್ದರೆ ಇಂಡೆಕ್ಸ್ ಇದ್ದೂ ಬಳಕೆಯಾಗುವುದಿಲ್ಲ, ಯಾವ ಎರರ್ ಸಹ ಬರುವುದಿಲ್ಲ.

ಎರಡು, ಅಂಕಿಗಳ ಕ್ರಮ. 4326ರಲ್ಲಿ ಬಿಂದುವನ್ನು ಪಠ್ಯವಾಗಿ ಕೊಟ್ಟರೆ ಮೈಎಸ್‌ಕ್ಯುಎಲ್ 8.0 ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ ಎಂದು ಓದುತ್ತದೆ. ಪೋಸ್ಟ್‌ಜಿಐಎಸ್, ಮಾಂಗೋಡಿಬಿ ಎರಡೂ ಮೊದಲು ರೇಖಾಂಶ ಎಂದು ಓದುತ್ತವೆ. ನಮ್ಮ ಅಂಕಿಗಳಲ್ಲಿ ಇದು ಬಹಳ ಕೆಟ್ಟದು, ಯಾಕೆಂದರೆ 12.3 ಮತ್ತು 76.6 ಅದಲುಬದಲಾದರೂ ಎರಡೂ ಒಪ್ಪುವ ಅಂಕಿಗಳೇ. ಡೇಟಾಬೇಸ್ ಸುಮ್ಮನೆ ತೆಗೆದುಕೊಳ್ಳುತ್ತದೆ. ಮೈಸೂರಿನ ಅಂಗಡಿ ನಾರ್ವೆಯ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಲ್ಲಿ ಹೋಗಿ ಕೂರುತ್ತದೆ. ಮಾಹಿತಿ ಸೇರಿಸಿದ ತಕ್ಷಣ ಒಮ್ಮೆ ನಕ್ಷೆಯಲ್ಲಿ ತೆರೆದು ನೋಡುವುದೇ ಇದಕ್ಕೆ ಮದ್ದು.

ಮೂರು, "ಹತ್ತಿರದ ಐದು ಅಂಗಡಿ" ಎಂಬ ಪ್ರಶ್ನೆ. ಗೋಳದ ದೂರದ ಪ್ರಕಾರ ಜೋಡಿಸು ಎಂದರೆ ಇದು ಪ್ರತಿ ಸಾಲಿಗೂ ದೂರ ಲೆಕ್ಕ ಹಾಕುತ್ತದೆ. ಮೊದಲು ಒಂದು ಚೌಕದೊಳಗಿನವನ್ನು ಆರಿಸಿಕೊಳ್ಳುವ ಕೆಲಸ ಇಲ್ಲೂ ನಿಮ್ಮದೇ.

ಮಾರಿಯಾಡಿಬಿಯನ್ನು ಮೈಎಸ್‌ಕ್ಯುಎಲ್‌ನ ಪ್ರತಿ ಎಂದು ತಿಳಿಯಬೇಡಿ. ಅದು ಪದ್ಧತಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡರೂ ಆಕಾರಗಳನ್ನು ಚಪ್ಪಟೆ ಹಾಳೆಯ ಮೇಲಿವೆ ಎಂದೇ ತಿಳಿದು ಅಳೆಯುತ್ತದೆ. ಹೋಸ್ಟಿಂಗ್‌ನವರು ಕೊಟ್ಟಿರುವುದು ಎರಡರಲ್ಲಿ ಯಾವುದು ಎಂದು ಮೊದಲೇ ನೋಡಿಕೊಳ್ಳಿ.

ಮಾಂಗೋಡಿಬಿ ಮತ್ತು ರೆಡಿಸ್

ಆ್ಯಪ್ ಕಟ್ಟುವವರಿಗೆ ಮಾಂಗೋಡಿಬಿ ಹತ್ತಿರ ಅನಿಸುವುದು ಸಹಜ. ಜಾಗವನ್ನು ಜಿಯೋಜೇಸನ್ ಎಂಬ ಪಠ್ಯ ರೂಪದಲ್ಲಿ ಹಾಗೇ ಇಡಬಹುದು, ಬ್ರೌಸರಿನ ನಕ್ಷೆಗೆ ಹಾಗೇ ಕೊಡಬಹುದು. ಇದರ 2ಡಿ-ಸ್ಫಿಯರ್ ಇಂಡೆಕ್ಸ್ ಭೂಮಿಯನ್ನು ಗೋಳ ಎಂದೇ ನೋಡುತ್ತದೆ. ಒಳಗೆ ಗೂಗಲ್‌ನ ಎಸ್2 ಲೈಬ್ರರಿ ಗೋಳದ ಮೇಲ್ಮೈಯನ್ನು ಚಿಕ್ಕ ಚಿಕ್ಕ ಕೋಶಗಳಾಗಿ ಒಡೆದು ನಂಬರ್ ಕೊಡುತ್ತದೆ. ಹತ್ತಿರದವನ್ನು ದೂರದ ಪ್ರಕಾರ ಜೋಡಿಸಿ ಕೊಡುವುದರಲ್ಲಿ, ಒಳಗಿದೆಯಾ, ತಾಗುತ್ತದಾ ಎಂದು ಹೇಳುವುದರಲ್ಲಿ ಇದು ನಿಜಕ್ಕೂ ಒಳ್ಳೆಯದು. ದೂರ ಮೀಟರಿನಲ್ಲೇ ಬರುವುದರಿಂದ ಡಿಗ್ರಿಯ ಗೊಂದಲವೂ ಇಲ್ಲ.

ಇಲ್ಲದಿರುವುದು ಏನು ಎಂದು ತಿಳಿದಿರಲಿ. ಎರಡು ಆಕಾರಗಳನ್ನು ಕತ್ತರಿಸುವುದು, ಸೇರಿಸುವುದು, ವಿಸ್ತೀರ್ಣ ತೆಗೆಯುವುದು, ಪದ್ಧತಿ ಬದಲಿಸುವುದು ಇದರಲ್ಲಿ ಇಲ್ಲ. ಎಲ್ಲವೂ ಡಬ್ಲ್ಯುಜಿಎಸ್ 84ರಲ್ಲೇ ಇರಬೇಕು. ದಿನಸಿ ತಲುಪಿಸುವವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಗದ್ದೆಯ ಲೆಕ್ಕ ಇಡುವವರು ಮಾತ್ರ ಇದನ್ನು ಮುಟ್ಟಬೇಡಿ. ಮೊದಲ ವಾರ ಎಲ್ಲ ಸುಲಭವಾಗಿ ಕಾಣುತ್ತದೆ, ಆಮೇಲೆ ಗುಂಟೆ ಕೇಳಿದಾಗ ಎಲ್ಲವನ್ನೂ ಹೊರಗೆ ತೆಗೆದು ಬೇರೆ ಕಡೆ ಲೆಕ್ಕ ಮಾಡಬೇಕಾಗುತ್ತದೆ.

ರೆಡಿಸ್ ಡೇಟಾಬೇಸ್‌ನ ಜಿಯೋ ಆಜ್ಞೆಗಳು ಬರೀ ಬಿಂದುಗಳಿಗೆ. ಮೆಮೊರಿಯಲ್ಲೇ ಇಡುವುದರಿಂದ ಬಹಳ ವೇಗ. ಡೆಲಿವರಿ ಹುಡುಗರ ಗಾಡಿ ಈಗ ಎಲ್ಲಿದೆ ಎಂದು ಕೆಲವು ಸೆಕೆಂಡಿಗೊಮ್ಮೆ ಬದಲಾಗುವ ಮಾಹಿತಿಗೆ ಅದು ಸರಿ. ಅಂಗಡಿಗಳ ಪಟ್ಟಿ ಬೇರೆ ಡೇಟಾಬೇಸ್‌ನಲ್ಲೇ ಇರಲಿ.

ಗದ್ದೆಯ ಬದುವಿಗೆ: ಜಿಯೋಪ್ಯಾಕೇಜ್

ಸರ್ವರ್ ಬೇಡ, ನೆಟ್‌ವರ್ಕ್ ನಂಬುವ ಹಾಗಿಲ್ಲ, ಒಬ್ಬರೋ ಇಬ್ಬರೋ ಕೆಲಸ ಮಾಡುವುದು. ಹೀಗಿದ್ದರೆ ಎಸ್‌ಕ್ಯುಲೈಟ್ ಬಗೆಯವನ್ನು ನೋಡಿ. ಇಡೀ ಡೇಟಾಬೇಸ್ ಒಂದೇ ಫೈಲ್. ಅದರ ಮೇಲೆ ಸ್ಪೇಶಿಯಲೈಟ್ ಎಂಬ ಸೇರ್ಪಡೆ ಹಾಕಿಕೊಂಡರೆ ಕತ್ತರಿಸುವುದು, ಪದ್ಧತಿ ಬದಲಿಸುವುದು ಎಲ್ಲ ಬರುತ್ತದೆ. ಅದೇ ಎಸ್‌ಕ್ಯುಲೈಟ್ ಫೈಲಿಗೆ ಓಪನ್ ಜಿಯೋಸ್ಪೇಶಿಯಲ್ ಕನ್ಸಾರ್ಷಿಯಂ 2014ರಲ್ಲಿ ಕೊಟ್ಟ ಗುಣಮಟ್ಟದ ರೂಪ ಜಿಯೋಪ್ಯಾಕೇಜ್. ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶ ಇದನ್ನು ನೇರವಾಗಿ ತೆರೆಯುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಕ್ಯೂಫೀಲ್ಡ್ ಎಂಬ ಉಚಿತ ಆ್ಯಪ್ ಹಾಕಿಕೊಂಡರೆ ಗದ್ದೆಯ ಬದುವಿನ ಮೇಲೆ ನಿಂತು ಗಡಿ ಬರೆಯಬಹುದು. ಸಿಗ್ನಲ್ ಇಲ್ಲದಿದ್ದರೂ ನಡೆಯುತ್ತದೆ.

ಶೇಪ್‌ಫೈಲ್ ಎಂಬ ಹಳೆಯ ನಕ್ಷೆ ಫೈಲಿನ ರೂಪ ಬಳಸುವವರು ಇನ್ನೂ ಬಹಳ ಜನ ಇದ್ದಾರೆ. ಅವರಿಗೆ ನನ್ನ ಮಾತು: ಕನ್ನಡದಲ್ಲಿ ಹೆಸರು ಬರೆಯುವವರಿಗೆ ಅದು ಸರಿಯಾದ ಮನೆಯಲ್ಲ. ಕಾಲಂ ಹೆಸರು 10 ಅಕ್ಷರಕ್ಕೆ ನಿಲ್ಲುತ್ತದೆ. ಪಠ್ಯದ ಕಾಲಂಗೆ 254 ಬೈಟ್ ಮಿತಿ, ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಎನ್‌ಕೋಡಿಂಗ್ ಮಾಹಿತಿಯ ಚಿಕ್ಕ ಫೈಲ್ ಜೊತೆಯಲ್ಲಿ ಹೋಗದಿದ್ದರೆ ಊರಿನ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಜಿಯೋಪ್ಯಾಕೇಜ್‌ನಲ್ಲಿ ಪಾಂಡವಪುರ ಪಾಂಡವಪುರವಾಗಿಯೇ ಉಳಿಯುತ್ತದೆ. ರೈತರ ಊರು, ಹೆಸರು ಸರಿಯಾಗಿ ಉಳಿಯುವುದು ಸಣ್ಣ ವಿಷಯ ಅಲ್ಲ.

ತೊಂದರೆ ಬರುವುದು ಜನ ಜಾಸ್ತಿಯಾದಾಗ. ಒಂದು ಹೊತ್ತಿಗೆ ಒಬ್ಬರು ಮಾತ್ರ ಬರೆಯಬಹುದು. ಐದು ಜನ ಫೀಲ್ಡ್‌ಗೆ ಹೋಗಿ ಐದು ಫೈಲ್ ತಂದರೆ ಸಂಜೆ ಸೇರಿಸುವ ಕೆಲಸ ಒಬ್ಬರ ತಲೆ ಮೇಲೆ ಬೀಳುತ್ತದೆ. ಒಂದೇ ಸರ್ವೆ ನಂಬರ್ ಇಬ್ಬರೂ ತಿದ್ದಿದ್ದರೆ ಯಾರದ್ದು ಸರಿ? ಇದಕ್ಕೆ ಫೈಲಿನಲ್ಲಿ ಉತ್ತರ ಇಲ್ಲ.

ಪೋಸ್ಟ್‌ಜಿಐಎಸ್: ಭೂಮಿಯ ಲೆಕ್ಕ ಇಡುವವರಿಗೆ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಜಾಗದ ಲೆಕ್ಕ ಕಲಿಸುವ ಸೇರ್ಪಡೆ ಇದು. 2001ರಲ್ಲಿ ಕೆನಡಾದ ರಿಫ್ರಾಕ್ಷನ್ಸ್ ರಿಸರ್ಚ್ ಎಂಬ ಕಂಪನಿಯಿಂದ ಹೊರಬಂತು. ಈಗಲೂ ಮುಕ್ತ ತಂತ್ರಾಂಶವೇ.

ಮಂಡ್ಯದ ಒಂದು ಪ್ರಶ್ನೆ ತೆಗೆದುಕೊಳ್ಳೋಣ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಒಂದು ಉಪನಾಲೆಯ ಎರಡೂ ಬದಿ 500 ಮೀಟರ್ ಒಳಗೆ ಕೂಳೆ ಕಬ್ಬು ಎಷ್ಟು ಎಕರೆ ಇದೆ? ಇದಕ್ಕೆ ನಾಲೆಯ ಗೆರೆಯ ಸುತ್ತ 500 ಮೀಟರ್ ಪಟ್ಟಿ ಮಾಡಬೇಕು. ಆ ಪಟ್ಟಿಗೆ ತಾಗುವ ಗದ್ದೆಗಳನ್ನು ಇಂಡೆಕ್ಸ್ ಮೂಲಕ ಹುಡುಕಬೇಕು. ಅರ್ಧ ಒಳಗೆ, ಅರ್ಧ ಹೊರಗೆ ಇರುವ ಗದ್ದೆಯನ್ನು ಪಟ್ಟಿಯ ಅಂಚಿನಲ್ಲಿ ಕತ್ತರಿಸಬೇಕು. ಒಳಗಿನ ಭಾಗದ ವಿಸ್ತೀರ್ಣ ತೆಗೆದು ಕೂಡಬೇಕು. ಪೋಸ್ಟ್‌ಜಿಐಎಸ್‌ನಲ್ಲಿ ಇದು ಹತ್ತು ಸಾಲಿನೊಳಗಿನ ಒಂದು ಕ್ವೆರಿ. ಇದೇ ಕ್ವೆರಿಯನ್ನು ಪ್ರತಿ ಉಪನಾಲೆಗೂ ಒಟ್ಟಿಗೆ ಓಡಿಸಬಹುದು. ತಳಿ, ನಾಟಿ ತಿಂಗಳು, ರೈತರ ಪಟ್ಟಿ ಎಲ್ಲ ಅದೇ ಡೇಟಾಬೇಸ್‌ನ ಪಕ್ಕದ ಟೇಬಲ್‌ನಲ್ಲಿ ಇರುವುದರಿಂದ ಕಟಾವಿನ ಸರದಿಯನ್ನೂ ಅಲ್ಲೇ ಹಾಕಬಹುದು.

ಇದಕ್ಕಿಂತಲೂ ನನಗೆ ಮುಖ್ಯ ಅನಿಸುವುದು ಕೆಟ್ಟ ಆಕಾರಗಳನ್ನು ಇದು ಹಿಡಿಯುವ ರೀತಿ. ಬದುವಿನ ಮೇಲೆ ನಡೆದು ಬರೆದ ಗಡಿ ಎಲ್ಲೋ ಒಂದು ಕಡೆ ತನ್ನನ್ನೇ ದಾಟಿರುತ್ತದೆ. ಆಗ ಗದ್ದೆ ಎರಡು ತ್ರಿಕೋನಗಳ ಗಂಟಾಗಿರುತ್ತದೆ, ವಿಸ್ತೀರ್ಣ ಏನೋ ಒಂದು ಬರುತ್ತದೆ. ಮಾಂಗೋಡಿಬಿ ಇಂಥದ್ದನ್ನು ಇಂಡೆಕ್ಸ್ ಮಾಡಲು ಒಪ್ಪುವುದಿಲ್ಲ, ಅಲ್ಲಿಗೆ ನಿಲ್ಲುತ್ತದೆ. ಪೋಸ್ಟ್‌ಜಿಐಎಸ್ ಎಲ್ಲಿ, ಯಾಕೆ ತಪ್ಪಾಗಿದೆ ಎಂದು ಹೇಳುತ್ತದೆ. ಬೇಕಿದ್ದರೆ ಸರಿಮಾಡಿಯೂ ಕೊಡುತ್ತದೆ. ಅಕ್ಕಪಕ್ಕದ ಎರಡು ಸರ್ವೆ ನಂಬರ್‌ಗಳು ಒಂದರ ಮೇಲೊಂದು ಎಷ್ಟು ಹತ್ತಿವೆ ಎಂದು ಒಂದು ಕ್ವೆರಿಯಲ್ಲಿ ಪಟ್ಟಿ ತೆಗೆಯಬಹುದು. ಪಹಣಿಯ ವಿಸ್ತೀರ್ಣವನ್ನೂ ಗಡಿಯಿಂದ ಬಂದ ವಿಸ್ತೀರ್ಣವನ್ನೂ ಪಕ್ಕಪಕ್ಕ ಇಟ್ಟು, ಜಾಸ್ತಿ ವ್ಯತ್ಯಾಸ ಇರುವವನ್ನು ಮಾತ್ರ ಮತ್ತೆ ನೋಡಲು ಕಳಿಸಬಹುದು. ರೈತರ ಜಮೀನಿನ ಲೆಕ್ಕ ಕೈಯಲ್ಲಿ ಇರುವವರು ಈ ತಪಾಸಣೆ ಮಾಡದೆ ಮುಂದೆ ಹೋಗಬಾರದು.

ಹತ್ತಿರದ್ದನ್ನು ಹುಡುಕಲು ಇದರಲ್ಲಿ ಇಂಡೆಕ್ಸನ್ನೇ ಬಳಸುವ ವಿಶೇಷ ಆಪರೇಟರ್ ಇದೆ, ಹಾಗಾಗಿ "ಹತ್ತಿರದ ಐದು ಆಲೆಮನೆ" ಎಂದರೆ ಇಡೀ ಟೇಬಲ್ ಓದುವುದಿಲ್ಲ. ಒಂದು ಎಚ್ಚರಿಕೆ ಮಾತ್ರ. ದೂರ ಇಷ್ಟಕ್ಕಿಂತ ಕಡಿಮೆ ಇರುವವು ಬೇಕೆಂದಾಗ ದೂರ ಲೆಕ್ಕ ಹಾಕಿ ಹೋಲಿಸಬೇಡಿ. ಅದಕ್ಕೆಂದೇ ಇರುವ ಎಸ್‌ಟಿ-ಡಿವಿದಿನ್ (ST_DWithin) ಎಂಬ ಫಂಕ್ಷನ್ ಬಳಸಿ. ಮೊದಲನೆಯದು ಇಂಡೆಕ್ಸನ್ನು ಬಿಟ್ಟುಬಿಡುತ್ತದೆ, ಎರಡನೆಯದು ಬಳಸುತ್ತದೆ.

ಪೋಸ್ಟ್‌ಜಿಐಎಸ್‌ನಲ್ಲಿ ಆಕಾರ ಇಡಲು ಎರಡು ಬಗೆ ಇವೆ, ಜಿಯೋಮೆಟ್ರಿಯಾ, ಜಿಯಾಗ್ರಫಿಯಾ ಎಂಬ ಗೊಂದಲ ಎಲ್ಲರಿಗೂ ಬರುತ್ತದೆ. ಜಿಯಾಗ್ರಫಿ ಎಂದರೆ ಡಿಗ್ರಿಯಲ್ಲಿ ಇಟ್ಟು ಗೋಳದ ಮೇಲೆ ಮೀಟರಿನಲ್ಲಿ ಉತ್ತರ ಕೊಡುವ ಬಗೆ. ದೇಶದ ಉದ್ದಗಲಕ್ಕೆ ಹರಡಿದ ಮಾಹಿತಿಗೆ ಅದು ಸುಲಭ, ಆದರೆ ನಿಧಾನ, ಕಾರ್ಯಗಳೂ (ಫಂಕ್ಷನ್) ಕಡಿಮೆ. ಮೈಸೂರು, ಮಂಡ್ಯ ಜಿಲ್ಲೆಯೊಳಗಿನ ಕೆಲಸವಾದರೆ ಚಪ್ಪಟೆ ಹಾಳೆಯ ಮೇಲೆ ಲೆಕ್ಕ ಮಾಡುವ ಜಿಯೋಮೆಟ್ರಿ ಇಟ್ಟುಕೊಂಡು 32643 ಬಳಸಿ. ಮೀಟರ್ ಸಿಗುತ್ತದೆ, ವೇಗವೂ ಸಿಗುತ್ತದೆ.

ಖರ್ಚಿನ ಮಾತಿಗೆ ಬಂದರೆ, ಒಂದು ತಾಲ್ಲೂಕಿನ ಗದ್ದೆಗಳಿಗೆ ಸಣ್ಣ ಬಾಡಿಗೆ ಸರ್ವರ್ ಸಾಕು, ಆಫೀಸಿನ ಹಳೆಯ ಕಂಪ್ಯೂಟರ್ ಆದರೂ ಆಗುತ್ತದೆ. ಹತ್ತು ಜನ ಒಟ್ಟಿಗೆ ಕ್ಯೂಜಿಐಎಸ್‌ನಿಂದ ತಿದ್ದಬಹುದು. ಆದರೆ ಬ್ಯಾಕಪ್ ಯಾರು ತೆಗೆಯುತ್ತಾರೆ, ಯಾರಿಗೆ ಓದಲು ಮಾತ್ರ ಬಿಡಬೇಕು, ಆವೃತ್ತಿ ಯಾವಾಗ ಏರಿಸಬೇಕು ಎಂದು ನೋಡಿಕೊಳ್ಳುವ ಒಬ್ಬರು ಬೇಕೇ ಬೇಕು. ಅಂಥವರು ಇಲ್ಲದ ಆಫೀಸಿಗೆ ಪೋಸ್ಟ್‌ಜಿಐಎಸ್ ಹಾಕಿಕೊಟ್ಟು ಬರುವುದಕ್ಕಿಂತ ಚೆನ್ನಾಗಿ ಜೋಡಿಸಿದ ಒಂದು ಜಿಯೋಪ್ಯಾಕೇಜ್ ಕೊಡುವುದು ಮೇಲು.

ವಿದ್ಯಾರ್ಥಿಗಳಿಗೆ ಇನ್ನೊಂದು ದಾರಿ

ಪ್ರಾಜೆಕ್ಟ್ ಮಾಡುವವರಿಗೆ ಸಾಮಾನ್ಯವಾಗಿ ಮಾಹಿತಿ ಬದಲಾಗುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಇಳಿಸಿದ ರಸ್ತೆ, ಕಟ್ಟಡ, ಕೆರೆಗಳನ್ನು ಓದಿ ಲೆಕ್ಕ ತೆಗೆಯುವುದಷ್ಟೇ ಕೆಲಸ. ಇದಕ್ಕೆ ಡಕ್‌ಡಿಬಿ ನೋಡಿ. ಸರ್ವರ್ ಇಲ್ಲ, ಲ್ಯಾಪ್‌ಟಾಪಿನಲ್ಲಿ ಒಂದು ಪ್ರೋಗ್ರಾಂ. ಸ್ಪೇಶಿಯಲ್ ಎಂಬ ಸೇರ್ಪಡೆ ಹಾಕಿದರೆ ಶೇಪ್‌ಫೈಲ್, ಜಿಯೋಜೇಸನ್, ಜಿಯೋಪಾರ್ಕೆ ಬಗೆಯ ಫೈಲ್‌ಗಳೆಲ್ಲವನ್ನೂ ಇದ್ದಲ್ಲಿಂದಲೇ ಓದುತ್ತದೆ. ಕಾಲಂ ಕಾಲಂ ಆಗಿ ಓದುವುದರಿಂದ ಲಕ್ಷಗಟ್ಟಲೆ ಕಟ್ಟಡಗಳನ್ನು ಎಣಿಸಿ ಗುಂಪು ಮಾಡುವುದರಲ್ಲಿ ಬಹಳ ಚುರುಕು. ಕೆರೆಯ ಸುತ್ತ 200 ಮೀಟರ್‌ನಲ್ಲಿ ಎಷ್ಟು ಕಟ್ಟಡಗಳಿವೆ ಎಂದು ಮೈಸೂರಿನ ಎಲ್ಲ ಕೆರೆಗಳಿಗೂ ಒಂದೇ ಸಂಜೆಯಲ್ಲಿ ನೋಡಬಹುದು. ಹಲವರು ಒಟ್ಟಿಗೆ ತಿದ್ದುವ ಕೆಲಸಕ್ಕೆ ಮಾತ್ರ ಇದು ಆಗದು. ಕಾರ್ಯಗಳ ಹೆಸರು ಪೋಸ್ಟ್‌ಜಿಐಎಸ್‌ನಂತೆಯೇ ಇರುವುದರಿಂದ ಇಲ್ಲಿ ಕಲಿತದ್ದು ಅಲ್ಲೂ ನಡೆಯುತ್ತದೆ. ಆದರೆ ಕೆಲಸ ಹುಡುಕುವ ಉದ್ದೇಶವೂ ಇದ್ದರೆ ಪೋಸ್ಟ್‌ಜಿಐಎಸ್ಸನ್ನೇ ಒಮ್ಮೆ ಲ್ಯಾಪ್‌ಟಾಪಿಗೆ ಹಾಕಿ ಕಲಿಯಿರಿ ಎನ್ನುತ್ತೇನೆ.

ಎಸ್‌ಕ್ಯುಎಲ್ ಸರ್ವರ್, ಒರಾಕಲ್ ಎರಡರಲ್ಲೂ ಜಾಗದ ಲೆಕ್ಕ ಚೆನ್ನಾಗಿದೆ. ನಿಮ್ಮ ಕಂಪನಿ ಈಗಾಗಲೇ ಲೈಸೆನ್ಸ್ ತೆಗೆದುಕೊಂಡಿದ್ದರೆ ಅಲ್ಲೇ ಇರಿ. ನಕ್ಷೆಯ ಕೆಲಸಕ್ಕೆಂದೇ ಹೊಸದಾಗಿ ದುಡ್ಡು ಕೊಟ್ಟು ಕೊಳ್ಳಲು ಕಾರಣ ನನಗೆ ಕಾಣುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ದಿನಸಿಯ ಆ್ಯಪ್‌ನವರು ಈಗ ಮೈಎಸ್‌ಕ್ಯುಎಲ್ 8.0ರಲ್ಲಿ ಇದ್ದರೆ ಅಲ್ಲೇ ಉಳಿಯಿರಿ, ಮಾಂಗೋಡಿಬಿಯಲ್ಲಿ ಇದ್ದರೆ ಅಲ್ಲೇ. ಬದಲಿಸಿದರೆ ಸಿಗುವ ಲಾಭ ಚಿಕ್ಕದು, ಹೋಗುವ ತಿಂಗಳುಗಳು ದೊಡ್ಡವು. ಹೊಸದಾಗಿ ಶುರು ಮಾಡುತ್ತಿದ್ದರೆ ನಾನು ಪೋಸ್ಟ್‌ಗ್ರೆಸ್ ಆರಿಸುತ್ತೇನೆ. ಮೊದಲು ಎರಡು ಕಾಲಂ ಇಟ್ಟು, ಬೇಕೆಂದ ದಿನ ಪೋಸ್ಟ್‌ಜಿಐಎಸ್ ಸೇರಿಸಿದರಾಯಿತು.

ಕಬ್ಬಿನ ಗದ್ದೆಯವರು ಒಬ್ಬಿಬ್ಬರೇ ಇದ್ದರೆ ಜಿಯೋಪ್ಯಾಕೇಜ್, ಕ್ಯೂಫೀಲ್ಡ್ ಜೋಡಿಯಿಂದ ಶುರು ಮಾಡಿ. ನಾಲ್ಕೈದು ಜನ ಫೀಲ್ಡ್‌ಗೆ ಹೋಗುತ್ತಾರೆ, ಆಫೀಸಿನಲ್ಲಿ ನೋಡಿಕೊಳ್ಳುವವರೂ ಇದ್ದಾರೆ ಎಂದರೆ ಪೋಸ್ಟ್‌ಜಿಐಎಸ್ ಮಧ್ಯದಲ್ಲಿರಲಿ, ಫೀಲ್ಡ್‌ಗೆ ಜಿಯೋಪ್ಯಾಕೇಜ್ ಹೋಗಿ ಬರಲಿ. ಕ್ಯೂಜಿಐಎಸ್‌ನಲ್ಲಿ ಎರಡನ್ನೂ ಪಕ್ಕಪಕ್ಕ ತೆರೆದು ಸೇರಿಸಬಹುದು.

ಇನ್ನೂ ತೀರ್ಮಾನ ಆಗದಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಇಪ್ಪತ್ತು ಗದ್ದೆ ಅಥವಾ ಅಂಗಡಿ ತೆಗೆದುಕೊಳ್ಳಿ. ದಿನಾ ಬೇಕಾಗುವ ನಾಲ್ಕು ಪ್ರಶ್ನೆ ಬರೆದುಕೊಳ್ಳಿ. ಉತ್ತರವನ್ನು ಮೊದಲು ಕಾಗದದ ಮೇಲೆ ಹಾಕಿ. ಎರಡು ಡೇಟಾಬೇಸ್‌ಗಳಲ್ಲಿ ಅದೇ ನಾಲ್ಕು ಪ್ರಶ್ನೆ ಕೇಳಿ ನೋಡಿ. ಯಾವುದರಲ್ಲಿ ಉತ್ತರ ಸರಿ ಬಂತು, ಯಾವುದರ ಕ್ವೆರಿಯನ್ನು ನಿಮ್ಮ ಜೊತೆಯವರೂ ಓದಿ ಅರ್ಥಮಾಡಿಕೊಂಡರು ಎಂದು ನೋಡಿ. ವೇಗದ ಪರೀಕ್ಷೆ ಆಮೇಲೆ.

ಆರಿಸಿದ್ದು ಮುಂದೆ ಸಾಲದೇ ಹೋದರೂ ಹೆದರಬೇಕಿಲ್ಲ. ಇಲ್ಲಿ ಹೇಳಿದ ಡೇಟಾಬೇಸ್‌ಗಳಲ್ಲಿ ಹೆಚ್ಚಿನವು ಆಕಾರಗಳನ್ನು ಒಂದೇ ಗುಣಮಟ್ಟದ ರೂಪಗಳಲ್ಲಿ ಹೊರಗೆ ಕೊಡುತ್ತವೆ. ಜಿಡಿಎಎಲ್ ಎಂಬ ಮುಕ್ತ ತಂತ್ರಾಂಶದ ಜೊತೆ ಬರುವ ಓಜಿಆರ್‌-ಟು-ಓಜಿಆರ್ ಎಂಬ ಸಾಧನ ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಸಾಗಿಸಿದ ಮೇಲೆ ಸಾಲುಗಳ ಎಣಿಕೆ, ಪದ್ಧತಿಯ ಸಂಖ್ಯೆ, ಒಟ್ಟು ವಿಸ್ತೀರ್ಣ ಈ ಮೂರನ್ನು ಎರಡೂ ಕಡೆ ಹೋಲಿಸಿ. ಹೊಸ ಕಡೆ ಜಾಗದ ಇಂಡೆಕ್ಸ್ ಆಗಿದೆಯಾ ಎಂದೂ ನೋಡಿ. ಮೂರೂ ತಾಳೆಯಾಗುವವರೆಗೆ ಹಳೆಯದನ್ನು ಅಳಿಸಬೇಡಿ.